ತಮಾಷೆಗೆ ಹೇಳಿದ್ದು: ಒಂದು ಅಣಕು ಹಾಡು ರೇಡಿಯೊದಿಂದ ಪಕ್ಷದ ಅಂಗಳಕ್ಕೆ ಬಂದ ಪ್ರಕರಣ

2008ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ಸದಸ್ಯರ ಕೈಗೆ ಒಂದು ಸಿಡಿ ತಲುಪಿತು. ಕಳಿಸಿದವರು ಚಿಪ್ ಸಾಲ್ಟ್ಸ್‌ಮನ್. ಹಿಂದೆ ಟೆನೆಸಿ ರಾಜ್ಯದಲ್ಲಿ ಪಕ್ಷದ ಅಧ್ಯಕ್ಷರಾಗಿದ್ದವರು, ಆ ವರ್ಷ ಮೈಕ್ ಹಕಬೀ ಅವರ ಅಧ್ಯಕ್ಷೀಯ ಪ್ರಚಾರದ ಉಸ್ತುವಾರಿ ಹೊತ್ತವರು. ಈಗ ಅವರ ಕಣ್ಣು ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಸ್ಥಾನದ ಮೇಲಿತ್ತು. ಆ ಸ್ಥಾನಕ್ಕೆ ಮತ ಹಾಕುವವರು ಇಡೀ ದೇಶದಲ್ಲಿ 168 ಜನ ಮಾತ್ರ. ಅಷ್ಟು ಜನರಿಗೆ ಹಬ್ಬದ ನೆಪದಲ್ಲಿ ಒಂದು ಉಡುಗೊರೆ ಕಳಿಸಿ ನೆನಪಿನಲ್ಲಿ ಉಳಿಯುವುದು ಯಾವ ದೇಶದ ಚುನಾವಣೆಯಲ್ಲಾದರೂ ಹಳೆಯ ಉಪಾಯವೇ.

ಸಿಡಿಯಲ್ಲಿದ್ದದ್ದು 41 ಅಣಕು ತುಣುಕುಗಳು. ‘ವಿ ಹೇಟ್ ದ ಯುಎಸ್‌ಎ’ ಎಂಬ ಅದರ ಹೆಸರೇ ಡೆಮಾಕ್ರಟರ ಬಾಯಿಗೆ ತುರುಕಿದ ವ್ಯಂಗ್ಯ. ಆ ರಾಶಿಯಲ್ಲಿ ‘ಬರಾಕ್ ದ ಮ್ಯಾಜಿಕ್ ನೀಗ್ರೋ’ ಎಂಬ ಹಾಡೊಂದಿತ್ತು. ಡಿಸೆಂಬರ್ 26ರಂದು ವಾಷಿಂಗ್ಟನ್‌ನ ‘ದ ಹಿಲ್’ ಪತ್ರಿಕೆ ಸುದ್ದಿ ಮಾಡಿತು. ದೇಶದ ಮೊದಲ ಕಪ್ಪು ಅಧ್ಯಕ್ಷ ಪ್ರಮಾಣವಚನ ಸ್ವೀಕರಿಸಲು ನಾಲ್ಕು ವಾರವೂ ಉಳಿದಿರಲಿಲ್ಲ.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಹಾಡು ಹೊಸದಲ್ಲ. 2007ರ ವಸಂತದಿಂದಲೂ ಅದು ದೇಶದ ಅತಿ ದೊಡ್ಡ ರೇಡಿಯೊ ಕಾರ್ಯಕ್ರಮದಲ್ಲಿ, ಹಾಡುಹಗಲಲ್ಲಿ, ಕೋಟಿಗಟ್ಟಲೆ ಜನರ ಕಿವಿಗೆ ಬಿದ್ದಿತ್ತು. ಆಗ ಯಾರ ಕುರ್ಚಿಯೂ ಅಲುಗಾಡಲಿಲ್ಲ. ಒಂದಕ್ಷರ ಬದಲಾಗದ ಹಾಡು ಇಪ್ಪತ್ತೊಂದು ತಿಂಗಳ ಬಳಿಕ ಒಬ್ಬ ಅಭ್ಯರ್ಥಿಯ ಆಸೆಗೆ ಕಲ್ಲು ಹಾಕಿತು. ಯಾಕೆ ಎಂಬುದೇ ಈ ಪ್ರಕರಣ.

ಹಾಡು ಹುಟ್ಟಿದ್ದು

ಒಬಾಮ ಸ್ಪರ್ಧೆ ಘೋಷಿಸಿದ್ದು 2007ರ ಫೆಬ್ರವರಿ 10ರಂದು. ಮಾರ್ಚ್ 19ರಂದು ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯಲ್ಲಿ ಡೇವಿಡ್ ಎರೆನ್‌ಸ್ಟೀನ್ ಎಂಬ ಸಿನಿಮಾ ವಿಮರ್ಶಕರ ಅಂಕಣ ಬಂತು. ಅವರೂ ಕಪ್ಪು ಜನಾಂಗದವರೇ. ಹಾಲಿವುಡ್ ಸಿನಿಮಾಗಳಲ್ಲಿ ಒಂದು ಸವಕಲು ಪಾತ್ರ ಬರುತ್ತದೆ: ಹಿಂದಿಲ್ಲ ಮುಂದಿಲ್ಲ, ಸ್ವಂತ ಕಥೆಯಿಲ್ಲ, ಬಿಳಿ ನಾಯಕನ ಕಷ್ಟ ಪರಿಹರಿಸಲಿಕ್ಕೆಂದೇ ಎಲ್ಲಿಂದಲೋ ಪ್ರತ್ಯಕ್ಷವಾಗುವ ಸಾಧು ಕಪ್ಪು ಮನುಷ್ಯ. ಈ ಪಾತ್ರಕ್ಕೆ ‘ಮ್ಯಾಜಿಕ್ ನೀಗ್ರೋ’ ಎಂಬ ಚುಚ್ಚು ಹೆಸರಿದೆ. ನಿರ್ದೇಶಕ ಸ್ಪೈಕ್ ಲೀ 2001ರಲ್ಲಿ ವಿದ್ಯಾರ್ಥಿಗಳೆದುರು ಮಾತಾಡುತ್ತ ಇದನ್ನು ಜನಪ್ರಿಯಗೊಳಿಸಿದ್ದರು. ಬಿಳಿ ಮತದಾರರು ಒಬಾಮರನ್ನು ನೋಡುತ್ತಿರುವುದೂ ಇದೇ ಕಣ್ಣಿನಲ್ಲಿ, ಗುಲಾಮಗಿರಿಯ ಚರಿತ್ರೆಯಿಂದ ಬಂದ ಪಾಪಪ್ರಜ್ಞೆಗೆ ಇವರು ಮುಲಾಮು ಎಂಬುದು ಎರೆನ್‌ಸ್ಟೀನ್ ವಾದ. ಚುಚ್ಚಿದ್ದು ಬಿಳಿಯರನ್ನು. ಪತ್ರಿಕೆ ಆ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಶೀರ್ಷಿಕೆ ಕೊಟ್ಟಿತ್ತು.

ಮೊದಲೇ ಹೇಳಿದ ಆ ಅತಿ ದೊಡ್ಡ ರೇಡಿಯೊ ಕಾರ್ಯಕ್ರಮದ ನಿರೂಪಕ, ರಿಪಬ್ಲಿಕನ್ನರ ಪರ ಮಾತಾಡುವ ರಷ್ ಲಿಂಬಾ, ಅಂದೇ ಅದನ್ನು ತಮ್ಮ ಕಾರ್ಯಕ್ರಮದಲ್ಲಿ ಓದಿದರು, ಗುನುಗಿದರು. ಸ್ವಲ್ಪ ದಿನಕ್ಕೆ ಪೂರ್ತಿ ಹಾಡೇ ತಯಾರಾಯಿತು. ಹಾಡಿದವರು ಮೆಂಫಿಸ್‌ನ ಪಾಲ್ ಶ್ಯಾಂಕ್ಲಿನ್, ಲಿಂಬಾ ಕಾರ್ಯಕ್ರಮಕ್ಕೆ ವರ್ಷಗಟ್ಟಲೆ ಮಿಮಿಕ್ರಿ ಮತ್ತು ಅಣಕು ಹಾಡು ಒದಗಿಸಿದವರು. ಧಾಟಿ 1963ರ ಪ್ರಸಿದ್ಧ ಮಕ್ಕಳ ಹಾಡು ‘ಪಫ್ ದ ಮ್ಯಾಜಿಕ್ ಡ್ರ್ಯಾಗನ್’ನದು. ಶ್ಯಾಂಕ್ಲಿನ್ ಬಿಳಿಯರು, ಹಾಡಿದ್ದು ಮಾತ್ರ ಕಪ್ಪು ನಾಯಕ ಆಲ್ ಶಾರ್ಪ್‌ಟನ್ ಅವರ ದನಿಯಲ್ಲಿ, ಮೆಗಾಫೋನ್ ಹಿಡಿದು ರಸ್ತೆಯಲ್ಲಿ ಕೂಗಿದಂತೆ. ಒಬಾಮ ನನ್ನಷ್ಟು ಅಸಲಿ ಅಲ್ಲ, ಬಿಳಿಯರು ಅವನಿಗೆ ಓಟು ಹಾಕುತ್ತಾರೆ ನನಗೆ ಹಾಕುವುದಿಲ್ಲ, ಆ ಹೆಸರು ನಾನಿಟ್ಟದ್ದಲ್ಲ, ಲಾಸ್ ಏಂಜಲೀಸ್‌ನ ಪತ್ರಿಕೆ ಇಟ್ಟದ್ದು ಎಂದು ಗೋಳಾಡುವುದು ಹಾಡಿನ ಸಾರ. 2004ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಹೊರಟು ಸೋತಿದ್ದ ಶಾರ್ಪ್‌ಟನ್‌ಗೆ ಹೊಟ್ಟೆಯುರಿ ಇರಬಹುದೆಂಬ ಊಹೆಯೇ ಹಾಡಿನ ಕೀಲು.

ಪದರಗಳನ್ನು ಬಿಡಿಸಿ ನೋಡಬೇಕು. ಲಿಂಬಾ ಹೇಳಿಕೊಂಡಂತೆ ಬಾಣ ಹೋಗುವುದು ಪತ್ರಿಕೆಯ ಕಡೆಗೆ: ನೀವು ಉದಾರವಾದಿಗಳು ಬರೆದರೆ ವಿಚಾರ, ನಾವು ಹಾಡಿದರೆ ಜನಾಂಗದ್ವೇಷವೇ? ಈ ಪ್ರಶ್ನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಾಡು ಕೇಳುವಾಗ ನಗು ಹುಟ್ಟುವುದು ಪತ್ರಿಕೆಯ ಇಬ್ಬಂದಿತನದಿಂದ ಅಲ್ಲ, ಶಾರ್ಪ್‌ಟನ್‌ರ ಉಚ್ಚಾರದಿಂದ, ಆ ಎಳೆತದಿಂದ, ಕಪ್ಪು ನಾಯಕನೊಬ್ಬ ಮೆಗಾಫೋನಿನಲ್ಲಿ ಅಸೂಯೆಪಡುವ ಚಿತ್ರದಿಂದ. ಪತ್ರಿಕೆಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ದನಿ ಕೊನೆಯವರೆಗೂ ಇರುತ್ತದೆ. ಅದಕ್ಕೇ ‘ನಾವು ಅಣಕಿಸಿದ್ದು ಪತ್ರಿಕೆಯನ್ನು’ ಎಂಬ ಸಮಜಾಯಿಷಿ ನನಗೆ ಅರ್ಧವಷ್ಟೇ ಒಪ್ಪಿಗೆ.

ಇನ್ನೊಂದು ವಿಷಯ ಮಾಧ್ಯಮಕ್ಕೆ ಸಂಬಂಧಿಸಿದ್ದು. ಕಾಗದದ ಮೇಲೆ ಆ ಎರಡು ಪದಗಳನ್ನು ಉದ್ಧರಣ ಚಿಹ್ನೆ ಹಿಡಿದು ನಿಲ್ಲಿಸಿತ್ತು. ಇದು ನನ್ನ ಮಾತಲ್ಲ, ಬೇರೊಬ್ಬರದನ್ನು ಎತ್ತಿ ತೋರಿಸುತ್ತಿದ್ದೇನೆ ಎಂದು ಓದುಗನಿಗೆ ಕಣ್ಣಿಗೇ ಕಾಣುತ್ತಿತ್ತು. ರೇಡಿಯೊದಲ್ಲಿ ಉದ್ಧರಣ ಚಿಹ್ನೆ ಇಲ್ಲ. ಕಾರು ಓಡಿಸುತ್ತ ಮಧ್ಯದಲ್ಲಿ ಸ್ಟೇಷನ್ ತಿರುಗಿಸಿದವನಿಗೆ ಕೇಳುವುದು ಮಕ್ಕಳ ಹಾಡಿನ ಧಾಟಿ, ಅದರ ಮೇಲೆ ಕುಳಿತ ಆ ಪದ.

ಯಾವ ರೇಡಿಯೊ ಇದು

ನಮ್ಮ ಕಡೆಯ ಓದುಗರಿಗೆ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್‌ಎಂ ಬಂದಾಗಿನಿಂದ ನಾವು ಕೇಳಿದ್ದು ಹಾಡು, ಹರಟೆ, ಫೋನಿನಲ್ಲಿ ಬಕರಾ ಮಾಡುವ ಕಾರ್ಯಕ್ರಮ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡುವುದು ಬಿಟ್ಟರೆ ಖಾಸಗಿ ಎಫ್‌ಎಂಗಳಿಗೆ ನಮ್ಮಲ್ಲಿ ಸುದ್ದಿಯ ಅನುಮತಿಯೇ ಇಲ್ಲ. ಅಮೆರಿಕದ ಟಾಕ್ ರೇಡಿಯೊ ಇದಕ್ಕೆ ಪೂರ್ತಿ ತದ್ವಿರುದ್ಧ: ಹಾಡೇ ಇಲ್ಲ, ದಿನವಿಡೀ ರಾಜಕೀಯದ ಮಾತು, ನಡುವೆ ಕೇಳುಗರ ಫೋನು.

ಅಲ್ಲೂ ಮೊದಲು ಲಗಾಮಿತ್ತು. ವಿವಾದದ ವಿಷಯ ಎತ್ತಿದರೆ ಎದುರು ಪಕ್ಷದ ವಾದಕ್ಕೂ ಜಾಗ ಕೊಡಬೇಕೆಂಬ ‘ಫೇರ್‌ನೆಸ್ ಡಾಕ್ಟ್ರಿನ್’ 1949ರಿಂದ ಜಾರಿಯಲ್ಲಿತ್ತು. 1987ರ ಆಗಸ್ಟ್‌ನಲ್ಲಿ ಸಂವಹನ ಆಯೋಗ ಅದನ್ನು ಕೈಬಿಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, 1988ರ ಆಗಸ್ಟ್ 1ರಂದು, ಲಿಂಬಾ ನ್ಯೂಯಾರ್ಕ್‌ನ ಡಬ್ಲ್ಯುಎಬಿಸಿ ಕೇಂದ್ರದಿಂದ ದೇಶಕ್ಕೆಲ್ಲ ಮಾತಾಡತೊಡಗಿದರು. ಮಧ್ಯಾಹ್ನ ಹನ್ನೆರಡರಿಂದ ಮೂರು. ಲಾರಿ ಚಾಲಕರು, ಗ್ಯಾರೇಜಿನವರು, ಊಟದ ಬಿಡುವಿನಲ್ಲಿ ಕಾರಿನಲ್ಲೇ ಕೂತವರು. ಫೋನ್ ಮಾಡಿದವರು ಹೊಗಳಿಕೆ ಪುನರಾವರ್ತಿಸುವ ಬದಲು ‘ಡಿಟ್ಟೊ’ ಎಂದು ಮುಗಿಸುವ ರೂಢಿ ಬಿದ್ದು, ಅಭಿಮಾನಿಗಳಿಗೆ ‘ಡಿಟ್ಟೊಹೆಡ್’ ಎಂಬ ಹೆಸರೇ ನಿಂತಿತು. 2008ರ ಹೊತ್ತಿಗೆ ಸುಮಾರು 600 ಕೇಂದ್ರಗಳು. ವಾರಕ್ಕೆ ಒಂದೂವರೆ ಕೋಟಿಯ ಆಸುಪಾಸು ಕೇಳುಗರು ಎಂಬುದು ಉದ್ಯಮದ ಅಂದಾಜು, ಎರಡು ಕೋಟಿ ಎಂಬುದು ಲಿಂಬಾ ಲೆಕ್ಕ. ಆ ವರ್ಷದ ಜುಲೈನಲ್ಲಿ ಅವರು ಎಂಟು ವರ್ಷಕ್ಕೆ ಮಾಡಿಕೊಂಡ ಒಪ್ಪಂದದ ಮೊತ್ತ ಸುಮಾರು 40 ಕೋಟಿ ಡಾಲರ್ ಎಂದು ವರದಿಯಾಯಿತು.

ಇಷ್ಟು ಹಣ ಬರೀ ಭಾಷಣಕ್ಕೆ ಬರುವುದಿಲ್ಲ. ದೇವರು ಸಾಲ ಕೊಟ್ಟ ಪ್ರತಿಭೆ ತನ್ನದು, ಎದುರಾಳಿಗಳಿಗೆ ಅನ್ಯಾಯವಾಗದಿರಲಿ ಎಂದು ಅರ್ಧ ಮೆದುಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡುತ್ತೇನೆ ಎಂದೆಲ್ಲ ಕೊಚ್ಚಿಕೊಳ್ಳುವುದು ಅವರ ಹಾಸ್ಯದ ವರಸೆ. ಯಕ್ಷಗಾನದ ಹಾಸ್ಯಗಾರ ರಂಗದ ಮೇಲೆ ಊರ ಗಣ್ಯರನ್ನು ಎಷ್ಟು ಎಳೆದಾಡಿದರೂ ಚೌಕಿಗೆ ಹೋಗಿ ಬಣ್ಣ ತೊಳೆದಮೇಲೆ ಅವನ ಮೇಲೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಆಡಿದ್ದು ವೇಷ ಎಂದು ಇಬ್ಬರಿಗೂ ಗೊತ್ತು. ಲಿಂಬಾ ವೇಷ ಯಾವಾಗ ಹಾಕಿದ್ದರು, ಯಾವಾಗ ಕಳಚಿದ್ದರು ಎಂಬುದು ಮಾತ್ರ ಎಂದೂ ಸ್ಪಷ್ಟವಿರಲಿಲ್ಲ. 1994ರಲ್ಲಿ ರಿಪಬ್ಲಿಕನ್ನರು ನಲವತ್ತು ವರ್ಷಗಳ ಬಳಿಕ ಕೆಳಮನೆಯನ್ನು ಗೆದ್ದಾಗ ಹೊಸ ಸಂಸದರು ಇವರನ್ನು ತಮ್ಮ ತಂಡದ ಗೌರವ ಸದಸ್ಯ ಎಂದು ಕರೆದು ಕೂರಿಸಿದ್ದರು. ಜೋಕು ಹೇಳುವವರಿಗೆ ಯಾರೂ ಅಂಥ ಗೌರವ ಕೊಡುವುದಿಲ್ಲ.

ನೊಂದವರು ಎಲ್ಲಿಗೆ ಹೋಗಬೇಕು

ನಮ್ಮಲ್ಲಾಗಿದ್ದರೆ ಯಾರಾದರೂ ಸೀದಾ ಪೊಲೀಸ್ ಠಾಣೆಗೆ ಹೋಗುತ್ತಿದ್ದರು, ಮಾರನೆಯ ದಿನ ಎಫ್‌ಐಆರ್. ಇಲ್ಲವೆ ಪಾಲಿಕೆಯಿಂದ ನೋಟಿಸು. 2017ರ ಜುಲೈನಲ್ಲಿ ಮುಂಬೈಯ ರೆಡ್ ಎಫ್‌ಎಂನ ಆರ್‌ಜೆ ಮಲಿಷ್ಕಾ ರಸ್ತೆಗುಂಡಿಗಳ ಬಗ್ಗೆ ಪಾಲಿಕೆಯನ್ನು ಅಣಕಿಸಿ ಒಂದು ಮರಾಠಿ ಹಾಡು ಮಾಡಿದಾಗ ಶಿವಸೇನೆಯ ಕಾರ್ಪೊರೇಟರ್‌ಗಳು 500 ಕೋಟಿ ರೂಪಾಯಿಯ ಮಾನನಷ್ಟ ದಾವೆ ಹೂಡಬೇಕೆಂದು ಆಯುಕ್ತರನ್ನು ಒತ್ತಾಯಿಸಿದರು. ಅಷ್ಟರಲ್ಲೇ ಪಾಲಿಕೆಯ ಸಿಬ್ಬಂದಿಗೆ ಅವರ ಮನೆಯಲ್ಲಿ ಡೆಂಗಿ ಸೊಳ್ಳೆಯ ಮರಿಗಳೂ ಸಿಕ್ಕಿ ನೋಟಿಸು ಹೋಯಿತು. ಸೊಳ್ಳೆಗಳ ಸಮಯಪ್ರಜ್ಞೆಯನ್ನು ಮೆಚ್ಚಲೇಬೇಕು.

ಅಮೆರಿಕದಲ್ಲಿ ಆ ಬಾಗಿಲು ಮುಚ್ಚಿದೆ. ಲಿಂಬಾ ದೇಶಕ್ಕೆ ಮಾತಾಡತೊಡಗಿದ 1988ರಲ್ಲೇ, ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟ್ ‘ಹಸ್ಲರ್’ ಪತ್ರಿಕೆಯ ಪ್ರಕರಣದಲ್ಲಿ ಒಮ್ಮತದ ತೀರ್ಪು ಕೊಟ್ಟಿತ್ತು: ಸಾರ್ವಜನಿಕ ವ್ಯಕ್ತಿಯನ್ನು ಎಷ್ಟೇ ಹೀನಾಯವಾಗಿ ಅಣಕಿಸಿದರೂ, ಯಾರೂ ಅದನ್ನು ನಿಜವೆಂದು ನಂಬುವಂತಿಲ್ಲದಿದ್ದರೆ, ಮನಸ್ಸಿಗೆ ನೋವಾಯಿತು ಎಂದು ಪರಿಹಾರ ಕೇಳುವಂತಿಲ್ಲ. ರೇಡಿಯೊದಲ್ಲಿ ಅಶ್ಲೀಲ ಪದಗಳಿಗೆ ಆಯೋಗದ ಕಡಿವಾಣ ಇದೆ, ರಾಜಕೀಯ ಅವಹೇಳನಕ್ಕೆ ಇಲ್ಲ. ಹಾಗಾಗಿ ನೊಂದವರಿಗೆ ಉಳಿಯುವುದು ಎರಡು ಕಟ್ಟೆ: ಜಾಹೀರಾತುದಾರರು, ಇಲ್ಲವೇ ಪಕ್ಷ.

ಮೊದಲ ಕಟ್ಟೆಯ ಬಲ ಎಷ್ಟೆಂಬುದು ಅದೇ ವಸಂತದಲ್ಲಿ ಕಂಡಿತು. 2007ರ ಏಪ್ರಿಲ್ 4ರಂದು ಇನ್ನೊಬ್ಬ ರೇಡಿಯೊ ದಿಗ್ಗಜ ಡಾನ್ ಐಮಸ್, ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಕೂದಲನ್ನೂ ನಡತೆಯನ್ನೂ ಒಟ್ಟಿಗೆ ಹೀಯಾಳಿಸುವ ಒಂದು ಮಾತು ಒಗೆದರು. ಹಿಂದಿನ ದಿನ ತಾನೇ ಆ ಹುಡುಗಿಯರು ರಾಷ್ಟ್ರೀಯ ಫೈನಲ್ ಆಡಿ ಸೋತಿದ್ದರು. ಏಪ್ರಿಲ್ 9ರಂದು ಐಮಸ್ ಕ್ಷಮೆ ಕೇಳಲು ಹೋದದ್ದು ಯಾರ ರೇಡಿಯೊ ಕಾರ್ಯಕ್ರಮಕ್ಕೆ? ಆಲ್ ಶಾರ್ಪ್‌ಟನ್ ಅವರದಕ್ಕೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್, ಜನರಲ್ ಮೋಟರ್ಸ್, ಅಮೆರಿಕನ್ ಎಕ್ಸ್‌ಪ್ರೆಸ್‌ನಂಥ ಕಂಪನಿಗಳು ಜಾಹೀರಾತು ಹಿಂತೆಗೆದವು. 11ರಂದು ಎಂಎಸ್‌ಎನ್‌ಬಿಸಿ ಟಿವಿ ಪ್ರಸಾರ ನಿಲ್ಲಿಸಿತು, 12ರಂದು ಸಿಬಿಎಸ್ ರೇಡಿಯೊ ಕೆಲಸದಿಂದ ತೆಗೆಯಿತು. ಎಂಟೇ ದಿನ.

ಶಾರ್ಪ್‌ಟನ್ ಹೀಗೆ ಒಂದು ಕಡೆ ನಿಜ ದನಿಯಲ್ಲಿ ಒಬ್ಬ ನಿರೂಪಕರನ್ನು ಕೆಳಗಿಳಿಸುತ್ತಿದ್ದರೆ, ಇನ್ನೊಂದು ಕಡೆ ನಕಲಿ ದನಿಯಲ್ಲಿ ಲಿಂಬಾ ಕಾರ್ಯಕ್ರಮದಲ್ಲಿ ಹಾಡುತ್ತಿದ್ದರು. ಆ ಹಾಡಿಗೆ ಏನೂ ಆಗಲಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಆಟಗಾರ್ತಿಯರು ರಾಜಕಾರಣಿಗಳಲ್ಲ, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿನಿಯರು. ಒಬಾಮ ಅಧ್ಯಕ್ಷ ಸ್ಥಾನಕ್ಕೆ ನಿಂತವರು, ಅಣಕ ಎದುರಿಸುವುದು ಆ ಕೆಲಸದ ಭಾಗ. ಐಮಸ್ ಹತ್ತಿರ ಪದರಗಳಿರಲಿಲ್ಲ, ಆಡಿದ ಮಾತು ಬರಿಗೈಲಿ ಸಿಕ್ಕಿಬಿತ್ತು. ಲಿಂಬಾ ಹತ್ತಿರ ‘ಪತ್ರಿಕೆ ಹೇಳಿದ್ದು’, ‘ಶಾರ್ಪ್‌ಟನ್ ಪಾತ್ರ ಹೇಳಿದ್ದು’, ‘ಶ್ಯಾಂಕ್ಲಿನ್ ಹಾಡಿದ್ದು’ ಎಂದು ಮೂರು ಪರದೆ. ಎಲ್ಲಕ್ಕಿಂತ ಮುಖ್ಯವಾಗಿ, ಐಮಸ್ ಕಾರ್ಯಕ್ರಮಕ್ಕೆ ಎರಡೂ ಪಕ್ಷದ ಸಂಸದರು, ಪತ್ರಕರ್ತರು ಅತಿಥಿಗಳಾಗಿ ಬರುತ್ತಿದ್ದರು, ಅವರಿಗೆ ಮುಜುಗರವಾಯಿತು. ಲಿಂಬಾ ಕೇಳುಗರಿಗೆ ಆದದ್ದು ಖುಷಿ. ಎದುರಾಳಿಗೆ ಉರಿಯಿತು ಎಂಬುದೇ ಅಲ್ಲಿ ಹಾಡಿನ ಯಶಸ್ಸಿನ ಗುರುತು. ಅಂದಹಾಗೆ ಐಮಸ್ ವನವಾಸ ಎಂಟು ತಿಂಗಳಿಗೂ ಕಡಿಮೆ. ಡಿಸೆಂಬರ್ 3ಕ್ಕೆ ಡಬ್ಲ್ಯುಎಬಿಸಿಯಲ್ಲಿ, ಅಂದರೆ ನ್ಯೂಯಾರ್ಕ್‌ನಲ್ಲಿ ಲಿಂಬಾ ಕೇಳಿಸುತ್ತಿದ್ದ ಅದೇ ಕೇಂದ್ರದಲ್ಲಿ, ಮರಳಿ ಮೈಕಿನ ಮುಂದೆ ಕೂತಿದ್ದರು.

ಉಡುಗೊರೆ

ಈಗ ಸಿಡಿಗೆ ಬರೋಣ. ಸುದ್ದಿ ಹೊರಬಿದ್ದಾಗ ಸಾಲ್ಟ್ಸ್‌ಮನ್ ಕೊಟ್ಟ ಉತ್ತರ ಸರಳ: ಶ್ಯಾಂಕ್ಲಿನ್ ನನ್ನ ಹಳೆಯ ಗೆಳೆಯ, ಇವು ಲಿಂಬಾ ಕಾರ್ಯಕ್ರಮಕ್ಕೆ ಮಾಡಿದ ಹಗುರವಾದ ರಾಜಕೀಯ ಅಣಕಗಳು, ಸಮಿತಿಯ ಸದಸ್ಯರಿಗೆ ಅಷ್ಟು ಅರ್ಥಮಾಡಿಕೊಳ್ಳುವ ಹಾಸ್ಯಪ್ರಜ್ಞೆ ಇದೆ. ಅವರು ಇದನ್ನು ಕಪಟದಿಂದ ಹೇಳಿದರೆಂದು ನನಗನಿಸುವುದಿಲ್ಲ. ಅವರ ಬಳಗದಲ್ಲಿ ಆ ಹಾಡು ಎರಡು ವರ್ಷದಿಂದ ಕೇಳಿ ಕೇಳಿ ಸವೆದಿತ್ತು. ಚುಚ್ಚುವ ಮೊನೆ ಅವರ ಕಿವಿಗೆ ಗೊತ್ತಾಗುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಕೈ ಬದಲಾಗಿತ್ತು. ರೇಡಿಯೊದಲ್ಲಿ ಆ ಹಾಡಿಗೆ ಮುಂಚೆ ಒಂದು ಪೀಠಿಕೆ, ಆಮೇಲೆ ಒಂದು ನಗು, ಮಧ್ಯೆ ಜಾಹೀರಾತು, ಕೊನೆಗೊಬ್ಬ ‘ಡಿಟ್ಟೊ’ ಎನ್ನುವ ಕೇಳುಗ ಇರುತ್ತಿದ್ದರು. ಸಿಡಿಯಲ್ಲಿ ಅದ್ಯಾವುದೂ ಇಲ್ಲ. ಪೀಠಿಕೆಯ ಜಾಗದಲ್ಲಿದ್ದದ್ದು ಪಕ್ಷದ ಚುಕ್ಕಾಣಿ ಹಿಡಿಯಲು ಹೊರಟವರ ಶುಭಾಶಯ ಪತ್ರ. ಎರೆನ್‌ಸ್ಟೀನ್ ಅಂಕಣವನ್ನು ಅಷ್ಟು ಹೊತ್ತಿಗೆ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಮಾರ್ಚ್ 2007ರಲ್ಲಿ ಒಬಾಮ ಗೆಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲದ ಒಬ್ಬ ಸೆನೆಟರ್. ಈಗ 365 ಎಲೆಕ್ಟೊರಲ್ ಮತ ಗಳಿಸಿ ಗೆದ್ದವರು. ಸೋತ ಪಕ್ಷದ ಸಮಿತಿಯ ಅಧ್ಯಕ್ಷರಾಗಲು ಹೊರಟವರು ಗೆದ್ದವರ ಬಣ್ಣದ ಬಗ್ಗೆ ಹಾಡು ಹಂಚುತ್ತಿದ್ದಾರೆ ಎಂಬುದೊಂದೇ ಹೊರಗಿನವರಿಗೆ ಕಂಡಿದ್ದು, ಅದು ಸುಳ್ಳೂ ಆಗಿರಲಿಲ್ಲ.

ಸಮಿತಿಯ ಆಗಿನ ಅಧ್ಯಕ್ಷ ಮೈಕ್ ಡಂಕನ್, ಇದನ್ನು ಕಂಡು ಆಘಾತವಾಗಿದೆ, ಚುನಾವಣೆ ನಮಗೆ ಎಚ್ಚರಿಕೆಯ ಗಂಟೆಯಾಗಿತ್ತು, ಪಕ್ಷಕ್ಕೆ ಹೊಸಬರನ್ನು ಕರೆತರುವ ದಾರಿ ಇದಲ್ಲ ಎಂದರು. ಅವರೂ ಅದೇ ಸ್ಥಾನಕ್ಕೆ ಮತ್ತೆ ಸ್ಪರ್ಧಿಸುತ್ತಿದ್ದರು ಎಂಬುದನ್ನು ಮರೆಯಬಾರದು. ಕೆಳಮನೆಯ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್, ಇಂಥದ್ದನ್ನು ಬಳಸಿದ ಯಾವ ಅಭ್ಯರ್ಥಿಯಾದರೂ ಅನರ್ಹನಾಗಬೇಕು ಎಂದರು. ಮೂಲ ಮಕ್ಕಳ ಹಾಡನ್ನು ಕಟ್ಟಿದವರಲ್ಲಿ ಒಬ್ಬರಾದ ಗಾಯಕ ಪೀಟರ್ ಯ್ಯಾರೋ ತಮ್ಮ ಹಾಡು ಈ ಗತಿಗೆ ಬಂದುದಕ್ಕೆ ನೊಂದು ಬರೆದರು.

ವಿಚಿತ್ರವೆಂದರೆ ಸಾಲ್ಟ್ಸ್‌ಮನ್ ಪರವಾಗಿ ನಿಂತವರಲ್ಲಿ ಒಬ್ಬರು ಅದೇ ಸ್ಥಾನಕ್ಕೆ ಸ್ಪರ್ಧಿಸಿದ್ದ, ಕಪ್ಪು ಜನಾಂಗದ ಕೆನ್ ಬ್ಲ್ಯಾಕ್‌ವೆಲ್. ಜನಾಂಗದ ವಿಷಯ ಬಂದರೆ ಪತ್ರಿಕೆಗಳಿಗೆ ಅತಿಸೂಕ್ಷ್ಮತೆ ಎಂದು ಅವರು ದೂರಿದರು. ಸಮಿತಿಯೊಳಗೂ ಕೆಲವರಿಗೆ ಸಾಲ್ಟ್ಸ್‌ಮನ್ ಮೇಲೆ ಮರುಕ ಹುಟ್ಟಿತು. ಪತ್ರಿಕೆಯವರು ನಮ್ಮವನೊಬ್ಬನನ್ನು ಬೇಟೆಯಾಡುತ್ತಿದ್ದಾರೆ, ಅವನನ್ನು ಖಂಡಿಸಿದ ಡಂಕನ್ ಪತ್ರಿಕೆಗಳಿಗೆ ಮಣಿದರು ಎಂಬ ಗೊಣಗಾಟ. ಹಾಡಿನಿಂದ ಸಾಲ್ಟ್ಸ್‌ಮನ್‌ಗೆ ಲಾಭವೇ ಆಗಬಹುದು ಎಂದು ಬರೆದವರೂ ಇದ್ದರು. ಹೊರಗಿನವರ ಸಿಟ್ಟು ಒಳಗಿನವರ ಒಗ್ಗಟ್ಟಾಗುವುದು ಟಾಕ್ ರೇಡಿಯೊದ ಹಳೆಯ ಗಣಿತ. ಪಕ್ಷದ ಚುನಾವಣೆಯಲ್ಲಿ ಆ ಗಣಿತ ಪೂರ್ತಿ ಕೈಹಿಡಿಯಲಿಲ್ಲ. ಮತದಾನದ ಹಿಂದಿನ ದಿನ, 2009ರ ಜನವರಿ 29ರಂದು, ಸಾಲ್ಟ್ಸ್‌ಮನ್ ಕಣದಿಂದ ಹಿಂದೆ ಸರಿದರು. ಹಾಡೊಂದೇ ಕಾರಣ ಎನ್ನಲಾಗದು, ಕಣದಲ್ಲಿ ಘಟಾನುಘಟಿಗಳಿದ್ದರು.

ಜನವರಿ 30ರಂದು ಆರು ಸುತ್ತಿನ ಮತದಾನದ ನಂತರ ಮೇರಿಲ್ಯಾಂಡ್‌ನ ಮಾಜಿ ಉಪ ಗವರ್ನರ್ ಮೈಕಲ್ ಸ್ಟೀಲ್ 91–77 ಮತಗಳಿಂದ ಗೆದ್ದರು. ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಗೆ ಮೊದಲ ಕಪ್ಪು ಅಧ್ಯಕ್ಷ.

ಮನರಂಜಕ ಎಂಬ ಬೈಗುಳ

ಪ್ರಕರಣ ಇಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಉತ್ಸಾಹ ನನಗೆ ಬರುತ್ತಿರಲಿಲ್ಲ. ನಿಜವಾದ ಸ್ವಾರಸ್ಯ ಒಂದು ತಿಂಗಳ ಬಳಿಕ ಇದೆ.

ಜನವರಿ 16ರಂದು ಲಿಂಬಾ, ಒಬಾಮ ವಿಫಲರಾಗಲಿ ಎಂದು ಆಶಿಸುತ್ತೇನೆ ಎಂದಿದ್ದರು. ತಿಂಗಳ ಕೊನೆಗೆ ಜಾರ್ಜಿಯಾದ ಸಂಸದ ಫಿಲ್ ಗಿಂಗ್ರಿ, ಹೊರಗೆ ನಿಂತು ಇಟ್ಟಿಗೆ ಎಸೆಯುವುದು ಲಿಂಬಾ ಅಂಥವರಿಗೆ ಸುಲಭ ಎಂದರು. ಮಾರನೆಯ ದಿನವೇ ಲಿಂಬಾ ಕಾರ್ಯಕ್ರಮಕ್ಕೆ ಫೋನ್ ಮಾಡಿ ಕ್ಷಮೆ ಕೇಳಿದರು. ಮತದಾರರು ಆರಿಸಿ ಕಳಿಸಿದ ಸಂಸದರೊಬ್ಬರು ರೇಡಿಯೊ ಹಾಸ್ಯಗಾರರ ಮುಂದೆ ಕೈಕಟ್ಟಿ ನಿಂತದ್ದು ಡೆಮಾಕ್ರಟರಿಗೆ ಹಬ್ಬ. ಈ ಪಕ್ಷದ ನಿಜವಾದ ನಾಯಕ ಲಿಂಬಾ ಎಂದು ಅವರು ಸಾರತೊಡಗಿದರು. ಮಾರ್ಚ್ 1ರಂದು ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ರಾಮ್ ಇಮ್ಯಾನುಯೆಲ್ ಟಿವಿಯಲ್ಲೇ ಅದನ್ನು ಹೇಳಿದರು.

ಅದಕ್ಕೆ ಹಿಂದಿನ ದಿನ, ಫೆಬ್ರವರಿ 28ರ ಶನಿವಾರ, ಎರಡು ಸಂಗತಿ ನಡೆದವು. ವಾಷಿಂಗ್ಟನ್‌ನ ಸಂಪ್ರದಾಯವಾದಿಗಳ ಸಮಾವೇಶದಲ್ಲಿ ಲಿಂಬಾ ಭಾಷಣ ಮಾಡಿದರು, ಟಿವಿ ವಾಹಿನಿಗಳು ನೇರ ಪ್ರಸಾರ ಮಾಡಿದವು. ಅದೇ ರಾತ್ರಿ ಸಿಎನ್‌ಎನ್‌ನಲ್ಲಿ ಹಾಸ್ಯಗಾರ ಡಿ.ಎಲ್. ಹ್ಯೂಗ್ಲಿ ತಮ್ಮ ಕಾರ್ಯಕ್ರಮದಲ್ಲಿ ಸ್ಟೀಲ್ ಅವರನ್ನು ಕೂರಿಸಿಕೊಂಡು, ನಿಮ್ಮ ಪಕ್ಷದ ನಾಯಕ ಲಿಂಬಾ ತಾನೇ ಎಂದು ಕೆಣಕಿದರು. ಸ್ಟೀಲ್ ಸುಮ್ಮನಿರಲಿಲ್ಲ. ಅಲ್ಲ, ನಾಯಕ ನಾನು. ಲಿಂಬಾ ಒಬ್ಬ ಮನರಂಜಕ, ಅವರು ಮಾಡುವುದೆಲ್ಲ ಮನರಂಜನೆ. ಹೌದು, ಅದು ಬೆಂಕಿ ಹಚ್ಚುವಂಥದ್ದು, ಹೌದು, ಅಸಹ್ಯವಾದದ್ದು.

ಲಿಂಬಾ ಪರವಾಗಿ ಎರಡು ವರ್ಷದಿಂದ ಹೇಳಿಕೊಂಡು ಬಂದ ವಾದವೇ ಇದು: ತಮಾಷೆ ಮಾರಾಯರೇ, ಹಗುರವಾಗಿ ತೆಗೆದುಕೊಳ್ಳಿ. ಸಾಲ್ಟ್ಸ್‌ಮನ್ ಸಮರ್ಥಿಸಿಕೊಂಡದ್ದೂ ಇದೇ ಮಾತಿನಿಂದ. ಈಗ ಪಕ್ಷದ ಅಧ್ಯಕ್ಷರೇ ಅದನ್ನು ಪುಕ್ಕಟೆ ಒಪ್ಪಿಕೊಂಡರು. ಲಿಂಬಾ ಕೆಂಡಾಮಂಡಲವಾದರು. ಮಾರ್ಚ್ 2ರ ಸೋಮವಾರ ಮೈಕಿನ ಮುಂದೆ ಕೂತು, ನೀವು ಸಮಿತಿಯ ಮುಖ್ಯಸ್ಥರೇ ಹೊರತು ಪಕ್ಷದ ಮುಖ್ಯಸ್ಥರಲ್ಲ, ಟಿವಿಯಲ್ಲಿ ಮಿಂಚುವುದು ಬಿಟ್ಟು ತೆರೆಮರೆಯಲ್ಲಿ ಆರಿಸಿ ಕಳಿಸಿದ ಕೆಲಸ ಮಾಡಿ ಎಂದು ಸ್ಟೀಲ್ ಅವರನ್ನು ತರಾಟೆಗೆ ತೆಗೆದುಕೊಂಡರು. ತನ್ನ ಹಾಡು ಕುಣಿತ ನೋಡಲು ಎರಡು ಕೋಟಿ ಜನ ಬರುತ್ತಾರೋ ಎಂದು ಕುಹಕವಾಡಿದರು. ಸಂಜೆಯೊಳಗೆ ಸ್ಟೀಲ್ ಕ್ಷಮೆ ಕೇಳಿದರು: ಲಿಂಬಾ ಮೇಲೆ ನನಗೆ ಅಪಾರ ಗೌರವವಿದೆ, ಅವರನ್ನು ಹಳಿಯುವ ಉದ್ದೇಶ ನನಗಿರಲಿಲ್ಲ.

ಇಡೀ ಪ್ರಕರಣದಲ್ಲಿ ‘ಮನಸ್ಸಿಗೆ ನೋವಾಯಿತು’ ಎಂಬ ಕಾರಣಕ್ಕೆ ತಪ್ಪೊಪ್ಪಿಗೆ ಪಡೆಯಲು ಸಾಧ್ಯವಾದದ್ದು ಲಿಂಬಾ ಒಬ್ಬರಿಗೇ. ಹಾಡಿನಲ್ಲಿ ದನಿ ಕದಿಸಿಕೊಂಡ ಶಾರ್ಪ್‌ಟನ್‌ಗೆ ಸಿಗಲಿಲ್ಲ, ಹೆಸರು ಕೆಡಿಸಿಕೊಂಡ ಒಬಾಮ ಕೇಳಲೂ ಇಲ್ಲ. ತಮಾಷೆ ಎಂಬ ಪದವನ್ನು ಬಳಸುವ ಹಕ್ಕು ಲಿಂಬಾ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಪೆಟ್ಟು ಬೀಳುವಾಗ ನಾನು ಹಾಸ್ಯಗಾರ. ಗೌರವ ಹಂಚುವಾಗ ನಾನು ಪಕ್ಷದ ದನಿ. ಎರಡರ ನಡುವೆ ಮೈಗೆ ಎಣ್ಣೆ ಹಚ್ಚಿಕೊಂಡವರಂತೆ ಜಾರಾಡುವುದರಲ್ಲೇ ಆ 40 ಕೋಟಿ ಡಾಲರ್ ಇತ್ತು. ಸ್ಟೀಲ್ ಮಾಡಿದ ಅಪರಾಧ ಅವರನ್ನು ಒಂದು ಕಡೆ ನಿಲ್ಲಿಸಲು ನೋಡಿದ್ದು. ಸಾಲ್ಟ್ಸ್‌ಮನ್ ತಿಳಿಯದೇ ಮಾಡಿದ್ದೂ ಅದನ್ನೇ, ಎದುರು ದಿಕ್ಕಿನಿಂದ: ರೇಡಿಯೊದ ಹಾಡನ್ನು ಪಕ್ಷದ ಲಕೋಟೆಯಲ್ಲಿ ಹಾಕಿದರು. ನಡುವಿನ ಜಾಗದಲ್ಲಿ ಸುರಕ್ಷಿತವಾಗಿದ್ದ ತಮಾಷೆ ಲಕೋಟೆಯೊಳಗೆ ಬರೀ ಅವಮಾನವಾಗಿ ಉಳಿಯಿತು.

ಆ ಜಾರುವಿಕೆಗೂ ಒಂದು ಮಿತಿ ಇತ್ತು ಎಂಬುದು 2012ರಲ್ಲಿ ಕಂಡಿತು. ಗರ್ಭನಿರೋಧಕಗಳಿಗೆ ವಿಮೆ ಸಿಗಬೇಕೆಂದು ಸಂಸದರ ಮುಂದೆ ಹೇಳಿಕೆ ಕೊಟ್ಟ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್ ಅವರನ್ನು ಲಿಂಬಾ ಫೆಬ್ರವರಿ 29ರಂದು ವೇಶ್ಯೆ ಎಂಬರ್ಥದ ಮಾತಿನಿಂದ ಹೀಯಾಳಿಸಿದರು. ಈ ಸಲ ಪದರವಿಲ್ಲ, ಪಾತ್ರವಿಲ್ಲ, ಶ್ಯಾಂಕ್ಲಿನ್ ಇಲ್ಲ. ಎದುರಿಗಿದ್ದದ್ದೂ ಐಮಸ್ ಪ್ರಕರಣದಂತೆಯೇ ಒಬ್ಬ ವಿದ್ಯಾರ್ಥಿನಿ. ಹಾಸಿಗೆ ಮಾರುವ ಸ್ಲೀಪ್ ಟ್ರೇನ್, ಸಾಲ ಕೊಡುವ ಕ್ವಿಕನ್ ಲೋನ್ಸ್, ಕಾರ್ಬೊನೈಟ್ ಹೀಗೆ ಒಬ್ಬೊಬ್ಬರೇ ಪ್ರಾಯೋಜಕರು ಕೈಬಿಟ್ಟರು. ಮಾರ್ಚ್ 3ರಂದು ಲಿಂಬಾ ಕಡೆಯಿಂದ ಹೇಳಿಕೆ ಬಂತು: ಪದಗಳ ಆಯ್ಕೆ ಸರಿಯಿರಲಿಲ್ಲ, ಹಾಸ್ಯ ಮಾಡಲು ಹೋಗಿ ದೇಶದಲ್ಲಿ ಗದ್ದಲ ಎಬ್ಬಿಸಿದೆ. ಮೂರು ವರ್ಷದ ಹಿಂದೆ ಇದೇ ಹೊತ್ತಿಗೆ ಮನರಂಜಕ ಎಂದದ್ದಕ್ಕೆ ಪಕ್ಷದ ಅಧ್ಯಕ್ಷರಿಂದ ಕ್ಷಮೆ ಪಡೆದಿದ್ದವರು ಈಗ ಅದೇ ಮಾತಿನ ಕೆಳಗೆ ನೆರಳು ಹುಡುಕುತ್ತಿದ್ದರು. ಡಬ್ಲ್ಯುಎಬಿಸಿಯ ಆಗಿನ ಒಡೆಯ ಕ್ಯುಮುಲಸ್ ಕಂಪನಿ, ಈ ಗಲಾಟೆಯಿಂದ ಜಾಹೀರಾತು ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತೆಂದು ತನ್ನ ಹೂಡಿಕೆದಾರರಿಗೆ ಹೇಳಿಕೊಂಡಿತು. 2014ರ ಆರಂಭದಲ್ಲಿ ಲಿಂಬಾ ಕಾರ್ಯಕ್ರಮ ನ್ಯೂಯಾರ್ಕ್‌ನಲ್ಲಿ ಡಬ್ಲ್ಯುಎಬಿಸಿ ಬಿಟ್ಟು ಡಬ್ಲ್ಯುಓಆರ್ ಕೇಂದ್ರಕ್ಕೆ ಹೋಯಿತು.